ಮೀನಿನ ಉತ್ತರಕ್ಕೆ ಪೂರ್ತಿ ಅಂಕ

ಮೈಸೂರಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಾಗ ನನ್ನ ಕೆಂಪು ಇಂಕು ಹುಡುಗರ ನಡುವೆ ಹೆಸರುವಾಸಿಯಾಗಿತ್ತು. ವಿಕಾಸವಾದದ ಪ್ರಶ್ನೆ ಬಂದರೆ ಸಾಕು, ಅರ್ಧ ತರಗತಿ ಒಂದೇ ಚಿತ್ರ ಬರೆಯುತ್ತಿತ್ತು: ಎಡಗಡೆ ಬಗ್ಗಿದ ಮಂಗ, ಬಲಗಡೆ ನೆಟ್ಟಗೆ ನಿಂತ ಮನುಷ್ಯ, ನಡುವೆ ಸಾಲಾಗಿ ಮೂರ್ನಾಲ್ಕು ಜನ. ಅದಕ್ಕೆ ಅಡ್ಡಗೆರೆ ಎಳೆದು, "ವಿಕಾಸ ಏಣಿಯಲ್ಲ, ಕವಲೊಡೆಯುವ ಮರ" ಎಂದು ಬರೆದು ಅಂಕ ಕಳೆಯುತ್ತಿದ್ದೆ. ಒಬ್ಬ ಹುಡುಗ ಸ್ಟಾಫ್ ರೂಮಿಗೇ ಬಂದು ಅತ್ತಿದ್ದ. ಅತ್ತರೂ ಕೊಡಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಮುಂದೆ ನಾನು ಮಾಡಿದ್ದನ್ನು ಪಾಪ ತಿಳಿಯದೆ ಮಾಡಿದಳು ಎಂದು ಯಾರೂ ನನ್ನ ಪರವಾಗಿ ವಾದಿಸುವುದು ಬೇಡ.

ಗಂಡನ ಕೆಲಸದ ಬೆನ್ನು ಹತ್ತಿ ಅಮೆರಿಕಕ್ಕೆ ಬಂದಾಗ ನನ್ನ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಅವಕಾಶವಿರಲಿಲ್ಲ. ಮೊದಲು ಮೇರಿಲ್ಯಾಂಡ್‌ನಲ್ಲಿದ್ದೆವು. ಶನಿವಾರ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋಗಿ, ಪುಳಿಯೋಗರೆ ತಿಂದು, ವಾಪಸ್ಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತ ಮಗಳಿಗೆ ಅವತಾರಗಳ ಕತೆ ಹೇಳುತ್ತಿದ್ದೆ. ಪುಟ್ಟ ಮೀನು ಬೆಳೆದು ಬೆಳೆದು ಕೊಡದಲ್ಲಿ ಹಿಡಿಸಲಿಲ್ಲ, ಕೆರೆಯಲ್ಲಿ ಹಿಡಿಸಲಿಲ್ಲ, ಕೊನೆಗೆ ಸಮುದ್ರಕ್ಕೇ ಬಿಡಬೇಕಾಯಿತು ಎಂದರೆ ಅವಳು, "ಮೀನಿಗೆ ಏನು ಊಟ ಹಾಕಿದ್ರು ಅಮ್ಮಾ?" ಎಂದು ಕೇಳುತ್ತಿದ್ದಳು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಂದು ದಿನ ಉಪ್ಪಿಟ್ಟು ಅಂದಿದ್ದೆ. ಅದು ನಿಜವೋ ಸುಳ್ಳೋ ಎಂಬ ಮಾತೇ ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಕತೆ ಚೆನ್ನಾಗಿತ್ತು, ದಾರಿ ಸಾಗುತ್ತಿತ್ತು.

ಆಮೇಲೆ ನನ್ನವರಿಗೆ ಉತ್ತರ ಕ್ಯಾರೊಲಿನಾದ ಬ್ಯಾಲಂಟೈನ್‌ನಲ್ಲಿ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಎರಡು ಕ್ಯಾರೊಲಿನಾಗಳ ಗಡಿಯ ಹತ್ತಿರ, ಹೊಸದಾಗಿ ಎದ್ದಿದ್ದ ಬಡಾವಣೆಯೊಂದರಲ್ಲಿ ಮನೆ ಮಾಡಿದೆವು. ಒಂದು ಬೀದಿಗೆ ಎರಡು ಚರ್ಚು, ಹತ್ತು ಮನೆಗೆ ಮೂರು ಕನ್ನಡದವರ ಮನೆ. ನಾವು ಪೆಟ್ಟಿಗೆ ಬಿಚ್ಚಿ ಮುಗಿಸುವ ಹೊತ್ತಿಗೆ ಕೋವಿಡ್ ಬಂತು. ಎಲ್ಲರೂ ಮನೆಯೊಳಗೆ. ನಮ್ಮ ಕಡೆಯವರ ಮಕ್ಕಳಿಗೆಂದು ಭಾನುವಾರದ ಸಂಸ್ಕೃತಿ ಕ್ಲಾಸು ವಿಡಿಯೋದಲ್ಲಿ ಶುರುವಾಯಿತು. ಅದನ್ನು ನಡೆಸುತ್ತಿದ್ದವರು ಮಗನ ಮನೆಯಲ್ಲಿದ್ದ ನಿವೃತ್ತ ಎಂಜಿನಿಯರ್ ಒಬ್ಬರು. ಎಲ್ಲರಿಗೂ ಅಂಕಲ್. ನಾನು ಕಾಲೇಜಿನಲ್ಲಿ ಪಾಠ ಮಾಡಿದವಳು ಎಂದು ಗೊತ್ತಾದ ದಿನವೇ ಫೋನ್ ಮಾಡಿದರು.

"ಮೇಡಂ, ಈ ಮಕ್ಕಳು ನಮ್ಮದೆಲ್ಲಾ ಕಾಗಕ್ಕ ಗುಬ್ಬಕ್ಕನ ಕತೆ ಅಂದ್ಕೊಂಡುಬಿಟ್ಟಿದಾರೆ. ನನ್ನ ಮೊಮ್ಮಗನ್ನ ಸ್ಕೂಲಲ್ಲಿ ಯಾರೋ ಕೇಳಿದ್ರಂತೆ, ನಿಮ್ ದೇವ್ರು ಹಂದೀನಾ ಅಂತ. ಪಾಪ, ಊಟ ಬಿಟ್ಟು ಕೂತಿದ್ದ. ನೀವು ಬಯಾಲಜಿಯೋರು. ದಶಾವತಾರ ಅಂದ್ರೆ ಎವಲ್ಯೂಷನ್ನೇ ಅಂತ ಒಂದ್ ನಾಲ್ಕು ಸ್ಲೈಡ್ ಮಾಡಿ ತೋರ್ಸಿ. ನಾನು ಹೇಳಿದ್ರೆ ಮುದುಕನ ಗೊಣಗಾಟ. ನೀವು ಹೇಳಿದ್ರೆ ಸೈನ್ಸ್."

ಅದು ಸೈನ್ಸ್ ಅಲ್ಲ ಅಂಕಲ್ ಎಂಬ ಮಾತು ನಾಲಗೆ ತುದಿಯವರೆಗೆ ಬಂದಿತ್ತು. ಆದರೆ ಅವರು ನನ್ನನ್ನು ಮೇಡಂ ಎಂದಿದ್ದರು. ಈ ದೇಶಕ್ಕೆ ಬಂದ ಮೇಲೆ ನಾನು ಯಾರದೋ ಹೆಂಡತಿ, ಯಾರದೋ ತಾಯಿ. ಫಾರ್ಮು ತುಂಬುವಾಗ ಉದ್ಯೋಗ ಎಂಬಲ್ಲಿ ಗೆರೆ ಎಳೆದು ಎಳೆದು ಕೈ ಸೋತಿತ್ತು. ಅವರು ಹೊಗಳಿ ಅಟ್ಟಕ್ಕೇರಿಸಿದರು, ನಾನು ಹಿಂದೆ ಮುಂದೆ ನೋಡದೆ ಏರಿದೆ.

ಸ್ಲೈಡು ಚೆನ್ನಾಗಿಯೇ ಮಾಡಿದೆ, ಅದೇ ಬೇಸರ. ಎಡಗಡೆ ಅವತಾರದ ಬಣ್ಣದ ಚಿತ್ರ, ಬಲಗಡೆ ವಿಜ್ಞಾನದ ಹೆಸರು. ಮತ್ಸ್ಯ, ಜಲಚರ. ಕೂರ್ಮ, ಉಭಯವಾಸಿ. ವರಾಹ, ಸಸ್ತನಿ. ಆಮೆ ಉಭಯವಾಸಿ ಅಲ್ಲ, ಸರೀಸೃಪ. ಒಂಬತ್ತನೆಯ ಕ್ಲಾಸಿನ ಮಗುವಿಗೆ ಗೊತ್ತಿರುವ ವಿಷಯ. ಆದರೆ ಸರೀಸೃಪ ಎಂದು ಹಾಕಿದರೆ ನೀರಿನಿಂದ ನೆಲಕ್ಕೆ ಹತ್ತುವ ಮೆಟ್ಟಿಲು ಒಂದು ಕಡಿಮೆಯಾಗುತ್ತಿತ್ತು, ಕತೆ ಓಡುತ್ತಿರಲಿಲ್ಲ. ಹಾಗಾಗಿ ಉಭಯವಾಸಿ ಎಂದು ನನ್ನ ಕೈಯಾರೆ ಟೈಪ್ ಮಾಡಿದೆ. ಯಾವ ಏಣಿಗೆ ಮೈಸೂರಿನ ಹುಡುಗನನ್ನು ಅಳಿಸಿದ್ದೆನೋ ಅದೇ ಏಣಿಯನ್ನು ಬಣ್ಣ ಹಚ್ಚಿ ನಿಲ್ಲಿಸಿದೆ. ಕ್ಲಾಸು ಮುಗಿಯುತ್ತಿದ್ದ ಹಾಗೆ ಪರದೆಯ ಚೌಕಗಳಲ್ಲಿ ಅಪ್ಪ ಅಮ್ಮಂದಿರೆಲ್ಲ ಮಕ್ಕಳ ಹಿಂದಿನಿಂದ ಬಗ್ಗಿ ಚಪ್ಪಾಳೆ ತಟ್ಟಿದರು. ಅಂಕಲ್ ಕಣ್ಣೊರೆಸಿಕೊಂಡರು.

ಪಕ್ಕದ ಕೋಣೆಯಿಂದ ಅದೇ ಕ್ಲಾಸು ನೋಡುತ್ತಿದ್ದ ಮಗಳು ಓಡಿ ಬಂದಳು. ಆಗ ಅವಳಿಗೆ ಹನ್ನೊಂದು ವರ್ಷ.

"ಅಮ್ಮಾ, ಫಾರ್ ರಿಯಲ್? ಇದು ನಿಜಾನಾ?"

"ಒಂಥರಾ ನಿಜ," ಎಂದೆ.

ಇಲ್ಲಿ ಹುಟ್ಟಿದ ಮಕ್ಕಳ ಕನ್ನಡದಲ್ಲಿ 'ಒಂಥರಾ'ಕ್ಕೆ ಜಾಗವಿಲ್ಲ. ಅವಳು ನಿಜ ಎಂಬುದನ್ನಷ್ಟೇ ತೆಗೆದುಕೊಂಡು ಹೋದಳು. ನನಗೂ ಅದು ಗೊತ್ತಾಯಿತು, ಕರೆದು ತಿದ್ದಲಿಲ್ಲ. ಮಾಸ್ಕು ತೆಗೆದು ಎಲ್ಲರೂ ಮತ್ತೆ ಮುಖ ನೋಡುವಂತಾದ ಮೇಲೂ ಭಾನುವಾರದ ಕ್ಲಾಸು ಮುಂದುವರಿಯಿತು, ಪ್ರತಿ ವರ್ಷ ಹೊಸ ಮಕ್ಕಳಿಗೆ ಆ ಸ್ಲೈಡು ತೋರಿಸುತ್ತಾ ಹೋದೆ.

ಮಗಳು ಹೈಸ್ಕೂಲಿಗೆ ಸೇರಿದಾಗ ಅವಳಿಗೆ ಒಬ್ಬ ಬಯಾಲಜಿ ಟೀಚರ್ ಸಿಕ್ಕರು. ಅದೇ ಊರಲ್ಲಿ ಹುಟ್ಟಿ ಬೆಳೆದ, ಅರವತ್ತರ ಹತ್ತಿರದ ಹೆಂಗಸು. ಭಾನುವಾರ ಒಂದು ಸಲ, ಬುಧವಾರ ಇನ್ನೊಂದು ಸಲ ಚರ್ಚಿಗೆ ಹೋಗುವವರು. ಮೊದಲ ವಾರವೇ ಕರಾವಳಿಯ ಮರಳಲ್ಲಿ ತಾವೇ ಹೆಕ್ಕಿದ ಶಾರ್ಕ್ ಮೀನಿನ ಹಲ್ಲೊಂದನ್ನು ತಂದು ಮಕ್ಕಳ ಕೈಯಿಂದ ಕೈಗೆ ದಾಟಿಸಿದರಂತೆ. ಲಕ್ಷಾಂತರ ವರ್ಷಗಳ ಹಿಂದಿನ ಹಲ್ಲು, ಅಂಗೈ ತುಂಬುವಷ್ಟು ದೊಡ್ಡದು. ಮಗಳು ಮನೆಗೆ ಬಂದು ಅನ್ನ ಕಲಸುತ್ತಾ ಅಂಗೈ ಬಿಡಿಸಿ ಬಿಡಿಸಿ ತೋರಿಸಿದಳು, ಇಷ್ಟು ದೊಡ್ಡದು ಅಮ್ಮಾ, ಇಷ್ಟು. ಅವಳಿಗೆ ಯಾವ ಪಾಠದಲ್ಲೂ ಅಂಥ ಹುರುಪು ನಾನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನ ಮಗಳಿಗೆ ನನ್ನ ವಿಷಯದ ರುಚಿಯನ್ನು ಇನ್ಯಾರೋ ಹತ್ತಿಸುತ್ತಿದ್ದರು.

ಆ ಊರಲ್ಲಿ ವಿಕಾಸದ ಅಧ್ಯಾಯ ಬಂತೆಂದರೆ ಕೆಲವು ಮನೆಗಳಲ್ಲಿ ಮುಖ ಬಿಗಿಯಾಗುತ್ತಿತ್ತು. ದೇವರು ಆರು ದಿನದಲ್ಲಿ ಸೃಷ್ಟಿ ಮಾಡಿದ ಎಂಬುದನ್ನೂ ವಿಜ್ಞಾನದ ಜೊತೆಗೇ ಕಲಿಸಿ, ಮಕ್ಕಳೇ ಆರಿಸಿಕೊಳ್ಳಲಿ ಎಂದು ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡಿನ ಮುಂದೆ ಆಗಾಗ ಯಾರಾದರೂ ಹೇಳುವುದಿತ್ತು. ಟೀಚರ್ ಯಾರೊಂದಿಗೂ ಜಗಳಕ್ಕೆ ಹೋದವರಲ್ಲ. ನೀವು ಏನು ನಂಬುತ್ತೀರಿ ಎಂದು ನಾನು ಕೇಳುವುದಿಲ್ಲ, ಪುರಾವೆ ಏನು ಹೇಳುತ್ತದೆ ಎಂದಷ್ಟೇ ಕೇಳುತ್ತೇನೆ ಎಂದು ತರಗತಿಯಲ್ಲಿ ಹೇಳಿ ಪಾಠ ಮುಂದುವರಿಸುತ್ತಿದ್ದರಂತೆ.

ಪರೀಕ್ಷೆ ಬಂತು. ನೀರಿನ ಜೀವಿಗಳಿಂದ ನೆಲದ ಜೀವಿಗಳು ವಿಕಾಸವಾದುದಕ್ಕೆ ಒಂದು ಪುರಾವೆ ಕೊಟ್ಟು ವಿವರಿಸಿ ಎಂಬ ಪ್ರಶ್ನೆ. ಮಗಳು ಮೀನು, ಆಮೆ, ಹಂದಿ ಎಂದು ಬರೆದು, ನಮ್ಮ ಸಂಸ್ಕೃತಿಯಲ್ಲಿ ಇದು ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು, ಅದೇ ಪುರಾವೆ ಎಂದು ಮುಗಿಸಿದ್ದಳು. ಪಕ್ಕದಲ್ಲಿ ಟೀಚರ್, "ಸುಂದರವಾದ ಕತೆ. ಬಿಡುವಾದಾಗ ಬಂದು ಇನ್ನಷ್ಟು ಹೇಳು" ಎಂದು ಬರೆದು ಪೂರ್ತಿ ಅಂಕ ಕೊಟ್ಟಿದ್ದರು.

ನಾನು ಆಗ ಮಾಡಬೇಕಾದದ್ದು ಒಂದೇ. ಮಗಳನ್ನು ಕೂರಿಸಿಕೊಂಡು, ಚಿನ್ನಾ, ಇದು ಪುರಾವೆ ಅಲ್ಲ, ಟೀಚರ್ ಯಾಕೋ ಬಿಟ್ಟುಕೊಟ್ಟಿದ್ದಾರೆ ಎನ್ನಬೇಕಿತ್ತು. ನಾನು ಮಾಡಿದ್ದು, ಆ ಹಾಳೆಯನ್ನು ಫ್ರಿಜ್ ಮೇಲೆ ಅಂಟಿಸಿದ್ದು. ಅಷ್ಟಕ್ಕೇ ನಿಲ್ಲದೆ ಫೋಟೊ ತೆಗೆದು ಭಾನುವಾರದ ಗ್ರೂಪಿಗೆ ಕಳಿಸಿದೆ. ನಮ್ಮವರಿಗೆ ಅಂಕ ಕಂಡರೆ ಸುಮ್ಮನಿರಲು ಆಗುವುದಿಲ್ಲ, ಅದರಲ್ಲೂ ಬಿಳಿಯರು ಕೊಟ್ಟ ಅಂಕ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅಂಕಲ್ ಅದನ್ನು ಹೆಮ್ಮೆಯಿಂದ ನಮ್ಮ ಬಡಾವಣೆಯ ಆನ್‌ಲೈನ್ ಗುಂಪಿಗೂ ಹಾಕಿದರು, ನೆರೆಯವರೂ ನಮ್ಮ ಪರಂಪರೆ ತಿಳಿಯಲಿ ಎಂದು. ತಿಳಿದರು.

ಮಗಳ ತರಗತಿಯಲ್ಲೇ ಓದುವ ಒಬ್ಬ ಹುಡುಗನ ತಂದೆ ಅದನ್ನು ನೋಡಿದರು. ಆ ಹುಡುಗ ಅದೇ ಪ್ರಶ್ನೆಗೆ, ದೇವರು ನೀರಿನ ಪ್ರಾಣಿಗಳನ್ನು ಒಂದು ದಿನ, ನೆಲದ ಪ್ರಾಣಿಗಳನ್ನು ಇನ್ನೊಂದು ದಿನ ಬೇರೆಬೇರೆಯಾಗಿಯೇ ಮಾಡಿದ, ಧರ್ಮಗ್ರಂಥವೇ ಪುರಾವೆ ಎಂದು ಬರೆದಿದ್ದ. ಅವನಿಗೆ ಟೀಚರ್ ಸೊನ್ನೆ ಕೊಟ್ಟು, "ಇದು ನಂಬಿಕೆ, ಪುರಾವೆಯಲ್ಲ" ಎಂದು ಬರೆದಿದ್ದರು. ತಂದೆ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಬೋರ್ಡಿಗೆ ದೂರು ಕೊಟ್ಟರು.

ಇದೆಲ್ಲ ನನಗೆ ತಿಳಿದದ್ದು ಮಗಳಿಂದ. ಸ್ಕೂಲಿನಿಂದ ಬಂದವಳು ಬ್ಯಾಗು ಕೂಡ ಇಳಿಸಲಿಲ್ಲ. "ಅಮ್ಮಾ, ಮಿಸ್‌ನ ಬಯಾಲಜಿ ಇಂದ ತೆಗೀತಾರಂತೆ. ನನ್ ಆನ್ಸರ್ ರಿಲಿಜನ್ ಅಂತೆ. ನೀನು ಬೋರ್ಡ್ ಮೀಟಿಂಗಿಗೆ ಬಂದು ಹೇಳು. ಯು ಆರ್ ಎ ಬಯಾಲಜಿ ಟೀಚರ್. ನೀನು ಹೇಳಿದ್ರೆ ಕೇಳ್ತಾರೆ." ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಫ್ರಿಜ್ ಕಡೆ ನೋಡಿದೆ.

ಗಂಡ ಎಂದಿನಂತೆ ಲೋಕಜ್ಞಾನ ಹೇಳಿದರು. "ಊರ ಉಸಾಬರಿ ನಮಗ್ಯಾಕೆ ಕಣೇ? ಗ್ರೀನ್ ಕಾರ್ಡ್ ಫೈಲು ಇನ್ನೂ ಅಲ್ಲೇ ಕೂತಿದೆ. ಇವರ ದೇವ್ರು, ಇವರ ಸ್ಕೂಲು, ಇವರ ಜಗಳ. ಹೋಗಲೇಬೇಕಾ? ಹೋಗು, ಆದ್ರೆ ಯಾರಿಗೂ ನೋವಾಗದ ಹಾಗೆ ಎರಡು ಮಾತು ಹೇಳಿ ಬಾ."

ಅಂಕಲ್ ಅವರದ್ದು ಇನ್ನೊಂದು. "ಮೇಡಂ, ಇದು ನಮ್ಮ ಮರ್ಯಾದೆ ಪ್ರಶ್ನೆ. ನಾವು ಎಲ್ಲಾ ಹಿಂದೆ ಕೂತ್ಕೊಂಡು ಸಪೋರ್ಟ್ ಮಾಡ್ತೀವಿ. ನಮ್ಮದು ಬರೀ ನಂಬಿಕೆ ಅಲ್ಲ, ಸೈನ್ಸ್ ಅಂತ ನೀವು ಧೈರ್ಯವಾಗಿ ಹೇಳಿ."

ಟೀಚರ್ ಮಾತ್ರ ನನಗೆ ಏನೂ ಹೇಳಿ ಕಳಿಸಲಿಲ್ಲ. ನಾನೇ ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ. ಹೋದರೆ, ಗೊತ್ತಿದ್ದೂ ಮಗಳಿಗೆ ಯಾಕೆ ಹಾಗೆ ಕಲಿಸಿದಿರಿ ಎಂದೇ ಅವರು ಮೊದಲು ಕೇಳುತ್ತಿದ್ದರು.

ಬೋರ್ಡ್ ಸಭೆ ಒಂದು ಸಂಜೆ ಸ್ಕೂಲಿನ ಊಟದ ಹಾಲಿನಲ್ಲಿ ನಡೆಯಿತು. ಮಾತಾಡುವವರು ಮೊದಲೇ ಹೆಸರು ಬರೆಸಬೇಕು, ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಮುಂದಿನ ಸಾಲಿನಲ್ಲಿ ಟೀಚರ್ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಿಚಾರಣೆ ಅವರ ಮೇಲೆಯೇ ಇದ್ದುದರಿಂದ ಅವರು ಮಾತಾಡುವ ಹಾಗಿರಲಿಲ್ಲ. ನಮ್ಮವರು ಹಿಂದಿನ ಎರಡು ಸಾಲು ತುಂಬಿದ್ದರು, ಕೆಲವರು ರೇಷ್ಮೆ ಸೀರೆಯಲ್ಲೇ ಬಂದಿದ್ದರು.

ಆ ಹುಡುಗನ ತಂದೆ ಎದ್ದರು. ಕೂಗಾಡುವ ಮನುಷ್ಯನನ್ನು ನಿರೀಕ್ಷಿಸಿದ್ದೆ, ಹಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಮೆತ್ತಗೆ ಮಾತಾಡಿದರು. ನಮ್ಮ ಹಿಂದೂ ನೆರೆಯವರ ಬಗ್ಗೆ ನನಗೆ ಗೌರವವಿದೆ, ಆ ಹುಡುಗಿಗೆ ಅಂಕ ಕೊಟ್ಟದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ, ಆದರೆ ಅವಳ ಮನೆಯ ಕತೆ ಪುರಾವೆಯಾದರೆ ನನ್ನ ಮನೆಯದು ಯಾಕಲ್ಲ, ನನ್ನ ಮಗ ಎರಡು ದಿನ ಸ್ಕೂಲಿಗೆ ಹೋಗುವುದಿಲ್ಲ ಎಂದು ಕೂತಿದ್ದ, ಎರಡನ್ನೂ ಒಪ್ಪಿಕೊಳ್ಳಿ, ಇಲ್ಲ ಎರಡನ್ನೂ ಬಿಡಿ ಎಂದರು. ಆ ಮನುಷ್ಯ ಹೇಳಿದ್ದರಲ್ಲಿ ಅನ್ಯಾಯದ ಮಾತು ಒಂದೂ ಇರಲಿಲ್ಲ. ನಾನು ಮೈಸೂರಿನಲ್ಲಿ ಪತ್ರಿಕೆ ತಿದ್ದುತ್ತಿದ್ದರೆ ಆ ಎರಡೂ ಉತ್ತರಕ್ಕೆ ಸೊನ್ನೆ ಕೊಡುತ್ತಿದ್ದೆ.

ಆಗ ನನ್ನ ಪಕ್ಕದಲ್ಲಿದ್ದ ಮಗಳು ಎದ್ದು ನಿಂತಳು. ಅವಳೂ ಹೆಸರು ಬರೆಸಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಮೈಕು ಅವಳ ಎತ್ತರಕ್ಕೆ ಇಳಿಸಿಕೊಟ್ಟರು. ನನ್ನ ಉತ್ತರ ಧರ್ಮ ಅಲ್ಲ, ವಿಜ್ಞಾನ, ನನ್ನ ತಾಯಿ ಇಂಡಿಯಾದಲ್ಲಿ ಕಾಲೇಜಿನಲ್ಲಿ ಬಯಾಲಜಿ ಕಲಿಸಿದವರು, ಅವರೇ ಇದನ್ನು ನನಗೆ ಕಲಿಸಿದ್ದು, ಹಾಗಾಗಿ ಮಿಸ್ ಏನೂ ತಪ್ಪು ಮಾಡಿಲ್ಲ, ನನ್ನ ತಾಯಿ ಇಲ್ಲೇ ಇದ್ದಾರೆ, ಬೇಕಾದರೆ ಕೇಳಿ ಎಂದಳು. ಹಿಂದಿನ ಎರಡು ಸಾಲು ಚಪ್ಪಾಳೆ ತಟ್ಟಿತು. ಟೀಚರ್ ತಿರುಗಿ ಅವಳನ್ನು ನೋಡಿ ನಕ್ಕರು.

ಮುಂದಿನ ಹೆಸರು ನನ್ನದು.

ಮೈಕಿನವರೆಗೆ ನಡೆಯುವಾಗ ಹೇಳಬೇಕಾದ ಮಾತು ಪೂರ್ತಿಯಾಗಿ ಬಾಯಲ್ಲಿತ್ತು. ಆ ಉತ್ತರ ತಪ್ಪು. ತಪ್ಪು ಕಲಿಸಿದವಳು ನಾನು, ಮಗುವಲ್ಲ. ಟೀಚರ್ ದಾಕ್ಷಿಣ್ಯಕ್ಕೆ ಒಂದು ಪ್ರಶ್ನೆಗೆ ಅಂಕ ಬಿಟ್ಟುಕೊಟ್ಟಿದ್ದಾರೆ, ಅದನ್ನು ವಾಪಸ್ಸು ತೆಗೆದುಕೊಳ್ಳಿ, ಅವರನ್ನು ಪಾಠ ಮಾಡಲು ಬಿಡಿ. ಇಷ್ಟೇ. ಎರಡು ನಿಮಿಷವೂ ಬೇಕಿರಲಿಲ್ಲ. ಮೈಕಿನ ಮುಂದೆ ನಿಂತು ತಿರುಗಿ ನೋಡಿದೆ. ಮಗಳು ಎರಡೂ ಕೈ ಮಡಿಲಲ್ಲಿಟ್ಟು, ಇನ್ನೇನು ಎಲ್ಲ ಸರಿಹೋಯಿತು ಎಂಬ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದಳು. ಅಂಕಲ್ ಕುರ್ಚಿಯ ತುದಿಗೆ ಬಂದಿದ್ದರು.

"ನಮ್ಮ ಸಂಪ್ರದಾಯದಲ್ಲಿ ವಿಜ್ಞಾನಕ್ಕೂ ಧರ್ಮಕ್ಕೂ ಜಗಳವೇ ಇಲ್ಲ," ಎಂದೆ ಇಂಗ್ಲಿಷಿನಲ್ಲಿ. "ನನ್ನ ಮಗಳಿಗೆ ಈ ಟೀಚರ್ ಎಂದರೆ ಬಹಳ ಇಷ್ಟ. ಎಲ್ಲರ ನಂಬಿಕೆಗೂ ಗೌರವ ಸಿಗಲಿ. ಧನ್ಯವಾದ."

ಹಾವೂ ಸಾಯದ, ಕೋಲೂ ಮುರಿಯದ ಮಾತು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೆಳಗಿಳಿದೆ. ಇಡೀ ಹಾಲು ಚಪ್ಪಾಳೆ ತಟ್ಟಿತು, ಈ ಕಡೆಯವರು, ಆ ಕಡೆಯವರು, ಬೋರ್ಡಿನವರು ಎಲ್ಲರೂ. ಹುಡುಗನ ತಂದೆ ಎದ್ದು ಬಂದು ನನ್ನ ಕೈ ಕುಲುಕಿ, ಇಷ್ಟೇ ನಾನು ಕೇಳುತ್ತಿರುವುದು ಎಂದರು. ಗಂಡ, "ಚೆನ್ನಾಗ್ ಮಾತಾಡ್ದೆ ಕಣೇ" ಎಂದರು. ಅಂಕಲ್, "ಭೇಷ್ ಮೇಡಂ" ಎಂದರು. ಟೀಚರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ, ಕೈಚೀಲದ ಹಿಡಿಯನ್ನು ಸರಿಮಾಡಿಕೊಂಡರು. ಅವರಿಗೆ ಆ ಮಾತಿನ ಬೆಲೆ ಆ ಕ್ಷಣಕ್ಕೇ ಗೊತ್ತಾಗಿತ್ತು ಎಂದು ನನಗನ್ನಿಸುತ್ತದೆ.

ಬೇಸಿಗೆ ರಜೆಗೆ ಮುಂಚೆ ಪೋಷಕರಿಗೆಲ್ಲ ಈಮೇಲ್ ಬಂತು. ಆರು ದಿನದ ಸೃಷ್ಟಿಯನ್ನು ವಿಜ್ಞಾನವೆಂದು ಕಲಿಸಲು ಕಾನೂನು ಬಿಡುವುದಿಲ್ಲ ಎಂದು ಬೋರ್ಡಿನವರಿಗೂ ಗೊತ್ತಿತ್ತು, ಅಷ್ಟು ದಡ್ಡರಲ್ಲ. ವಿಕಾಸದ ಅಧ್ಯಾಯವನ್ನು ವರ್ಷದ ಕೊನೆಗೆ ಸರಿಸಲಾಗಿದೆ, ಸಮಯ ಉಳಿದರೆ ಮಾಡಲಾಗುವುದು, ಅದರ ಬದಲಿಗೆ ಮಕ್ಕಳು ತಮ್ಮ ತಮ್ಮ ಮನೆಯ ಸೃಷ್ಟಿಕತೆಗಳನ್ನು ಹಂಚಿಕೊಳ್ಳುವ ಒಂದು ದಿನ ಇರುತ್ತದೆ ಎಂದಿತ್ತು. ವರ್ಷದ ಕೊನೆಯಲ್ಲಿ ಯಾವ ಸ್ಕೂಲಿನಲ್ಲಿ ಸಮಯ ಉಳಿದಿದೆ? ಪಾಠ ಮಾಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಳಗೆ ಇನ್ನೂ ಒಂದು ಸಾಲಿತ್ತು: ನಮ್ಮಲ್ಲಿನ ಒಬ್ಬ ಪೋಷಕಿ, ಸ್ವತಃ ಬಯಾಲಜಿ ಬೋಧಿಸಿದವರು, ಸಭೆಯಲ್ಲಿ ಹೇಳಿದಂತೆ ವಿಜ್ಞಾನಕ್ಕೂ ಧರ್ಮಕ್ಕೂ ಜಗಳವಿಲ್ಲ. ಟೀಚರನ್ನು ಮುಂದಿನ ವರ್ಷದಿಂದ ಆರೋಗ್ಯದ ಪಾಠಕ್ಕೆ ಹಾಕಿದ್ದಾರೆ ಎಂದು ಮಗಳು ಹೇಳಿದಳು. ನಿದ್ದೆ, ತರಕಾರಿ, ಹಲ್ಲುಜ್ಜುವುದು. ಹೇಳುತ್ತಾ ಅತ್ತಳು. ನಾವು ಚೆನ್ನಾಗೇ ಮಾತಾಡಿದ್ವಲ್ಲ ಅಮ್ಮಾ, ಮತ್ತೆ ಯಾಕೆ ಎಂದು ಕೇಳಿದಳು. ನಾನು ಅವಳ ತಲೆ ಸವರಿದೆ. ನನ್ನ ಕೈಯೇ ನನಗೆ ಅಸಹ್ಯವಾಯಿತು.

ರಜೆಯ ಮೊದಲ ವಾರ ಕೋಸಂಬರಿ, ಚಿತ್ರಾನ್ನ ಡಬ್ಬಿಗೆ ತುಂಬಿಕೊಂಡು ಟೀಚರನ್ನು ನೋಡಲು ಸ್ಕೂಲಿಗೆ ಹೋದೆ. ತಪ್ಪು ಒಪ್ಪಿಕೊಳ್ಳುವುದಕ್ಕೂ ಬರಿಗೈಯಲ್ಲಿ ಹೋಗಲು ನಮಗೆ ಬರುವುದಿಲ್ಲ. ಮಗಳೂ ಬರುತ್ತೇನೆಂದಳು, ಅವಳನ್ನು ಕಾರಿನಲ್ಲೇ ಇರಿಸಿ ಒಳಗೆ ಹೋದೆ. ಟೀಚರ್ ತರಗತಿಯ ಕಪಾಟು ಖಾಲಿ ಮಾಡಿ, ಮೂಳೆ, ಕಲ್ಲು, ಚಿಪ್ಪುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದರು. ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟರು.

ಆ ಉತ್ತರಕ್ಕೆ ಯಾಕೆ ಅಂಕ ಕೊಟ್ಟಿರಿ ಎಂದು ಕೇಳಿದೆ. ಬೇರೆ ಏನು ಕೇಳಬೇಕೆಂದು ತೋಚಲಿಲ್ಲ.

"ಆ ಹುಡುಗ ನಮ್ಮವನು," ಎಂದರು. "ನನ್ನದೇ ಚರ್ಚಿನವನು. ಅವನಿಗೆ ಸೊನ್ನೆ ಹಾಕಿದರೆ ಅವನನ್ನು ಎತ್ತಿ ನಿಲ್ಲಿಸಲು ಇಡೀ ಊರೇ ಇದೆ. ನನ್ನವರ ಹತ್ತಿರ ನಾನು ಬಿಗಿಯಾಗಿರಬಹುದು. ಅಂಕ ಹಾಕುವ ಮೊದಲು ನಿಮ್ಮ ಮಗಳನ್ನು ಕರೆದು, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ನನ್ನ ಅಮ್ಮ ಎಂದಳು. ಈ ಊರಲ್ಲಿ ಅವಳಿಗೆ ನೀವೊಬ್ಬರೇ ಎಂದು ಆಗ ಅನ್ನಿಸಿತು. ತರಗತಿಯ ಮುಂದೆ ನಿನ್ನ ತಾಯಿಯ ನಂಬಿಕೆ ತಪ್ಪು ಎಂದು ಆ ಮಗುವಿಗೆ ನಾನು ಹೇಗೆ ಹೇಳಲಿ? ನನ್ನ ತಾಯಿಯೂ ಆರು ದಿನ ಎಂದೇ ನಂಬಿದ್ದಳು. ನಾನು ನಿಧಾನವಾಗಿ, ನನ್ನಷ್ಟಕ್ಕೇ, ಅಲ್ಲಿಂದ ಈಚೆ ಬಂದೆ, ಅವಳ ಮೇಲಿನ ಪ್ರೀತಿ ಕಳೆದುಕೊಳ್ಳದೆ. ನಿಮ್ಮ ಮಗಳಿಗೂ ಅಷ್ಟು ಸಮಯ ಕೊಡೋಣ ಎಂದುಕೊಂಡೆ. ನಾನು ಮಾಡಿದ್ದು ಅನ್ಯಾಯವೇ, ಗೊತ್ತಿದೆ. ಆದರೆ ನಿಮ್ಮ ನಂಬಿಕೆಯನ್ನು ಕೆಡಿಸಲು ಮನಸ್ಸಾಗಲಿಲ್ಲ."

ಡಬ್ಬಿ ಇನ್ನೂ ನನ್ನ ತೊಡೆಯ ಮೇಲೇ ಇತ್ತು. "ನಾನು ಅದನ್ನು ನಂಬಿರಲಿಲ್ಲ," ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಈಗ ನಂಬುವುದಿಲ್ಲ ಎಂದೇ?"

"ಯಾವತ್ತೂ ಇಲ್ಲ. ಅದು ಕತೆ ಎಂದು ನನಗೆ ಗೊತ್ತಿತ್ತು. ಆಮೆ ಉಭಯವಾಸಿ ಅಲ್ಲ ಎಂದೂ ಗೊತ್ತಿತ್ತು."

ಅವರು ಕೈಯಲ್ಲಿದ್ದ ಚಿಪ್ಪನ್ನು ಸುತ್ತುವುದನ್ನು ನಿಲ್ಲಿಸಿದರು. ಸಿಟ್ಟು ಬರುತ್ತದೆ ಎಂದುಕೊಂಡೆ, ಬಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬರಲಿಲ್ಲ.

"ಹಾಗಿದ್ದರೆ ನಾನು ಅವಳ ಉತ್ತರಕ್ಕೆ ತಪ್ಪು ಹಾಕಬಹುದಿತ್ತು," ಎಂದರು.

ಆಮೇಲೆ ಮತ್ತೆ ಸುತ್ತತೊಡಗಿದರು. ಕ್ಷಮಿಸಿ ಎಂದೆ, ಎರಡು ಸಲ ಎಂದೆ. ಅವರು ತಲೆಯಾಡಿಸಿದರು. ನಾನು ಏಳುವಾಗ, ಅವಳಿಗೆ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಷ್ಟೇ ಹೇಳಿದರು.

ಕಾರಿನೊಳಗೆ ಮಗಳು ಎಸಿ ಹಾಕಿಕೊಂಡು ಕೂತಿದ್ದಳು. "ಮಿಸ್ ಏನಂದ್ರು?" ಎಂದಳು. ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ.

"ನಿನ್ನ ಉತ್ತರ ತಪ್ಪು ಕಣೇ ಚಿನ್ನಾ. ಅದು ಬರೀ ಕತೆ. ನನಗೆ ಮೊದಲಿಂದ್ಲೂ ಗೊತ್ತಿತ್ತು."

ಅವಳು ಎಸಿ ಆರಿಸಿದಳು. "ಮಿಸ್‌ಗೆ?"

"ಅವರಿಗೂ ಗೊತ್ತಿತ್ತು."

"ಸೋ, ಯು ಬೋತ್ ನ್ಯೂ," ಎಂದಳು. ಆಮೇಲೆ, ನನಗೆ ಸರಿಯಾಗಿ ತಿಳಿಯಲಿ ಎಂಬಂತೆ, ತನ್ನ ತೊದಲು ಕನ್ನಡದಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದಳು: "ನಿಂಗೆ ಗೊತ್ತಿತ್ತು. ಮಿಸ್‌ಗೆ ಗೊತ್ತಿತ್ತು. ಅಲ್ಲಿ ಅಷ್ಟು ಜನ ಮುಂದೆ ನಾನು ಒಬ್ಳೇ ನಿಜ ಅಂದ್ಕೊಂಡು ಹೇಳಿದ್ದು."

ಬಾಗಿಲು ತೆಗೆದು ಇಳಿದು, ಮಿಸ್‌ನ ನೋಡಬೇಕು ಎಂದು ಸ್ಕೂಲಿನ ಕಡೆ ಹೊರಟಳು. ನಾನೂ ಬರಲೇ ಎಂದು ಕೇಳಿದೆ. ಬೇಡ ಎಂದಳು.